ಡೀಸೆಲ್ ವಿದ್ಯುಜ್ಜನಕಗಳೂ ಪರಿಸರವೂ

1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಹೀಗೆ ನೀರಿನಿಂದ ಬೆಳಕನ್ನು ಪಡೆದ ನಾಡು ನಮ್ಮದು. ಆದರೆ ಶರಾವತಿಯೇ ಮೊದಲಾದ ನದಿಗಳನ್ನು ನೆಚ್ಚಿದ್ದ ಈ ನಾಡಿನಲ್ಲಿ ಮಳೆ ತಪ್ಪಿದ ವರ್ಷಗಳಂದು ವಿದ್ಯುತ್ ಕಡಿತವು ಅನಿವಾರ್ಯವಾಯಿತು. 1970ರ ದಶಕದಲ್ಲಿ ತಲೆಯೆತ್ತಿದ ಪೀಣ್ಯದ ಕಾರ್ಖಾನೆಗಳೂ, ಅದೇ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆಯು ರೂಪಿಸಿದ ಎಲೆಕ್ಟ್ರಾನಿಕ್ ಸಿಟಿಯೂ, ಅನಂತರ ಬೆಳೆದ ವೈಟ್‌ಫೀಲ್ಡೂ ಇದಕ್ಕೆ ಕಂಡುಕೊಂಡ ಉಪಾಯವೇ ಡೀಸೆಲ್ ವಿದ್ಯುಜ್ಜನಕ. ಸರ್ಕಾರವೂ 1990ರ ದಶಕದಲ್ಲಿ ಯಲಹಂಕದಲ್ಲಿ ನೂರು ಮೆಗಾವಾಟಿಗೂ ಮಿಕ್ಕ ಡೀಸೆಲ್ ಸ್ಥಾವರವನ್ನು ನಿಲ್ಲಿಸಿತ್ತು. ಅದರ ಕಾಲ ಮುಗಿದು, ಅಲ್ಲಿ ಈಗ ಅನಿಲದಿಂದ ನಡೆಯುವ ಸ್ಥಾವರ ಬಂದಿದೆ. ದೊಡ್ಡದು ನಿಂತರೂ ಚಿಕ್ಕವು ನಿಂತಿಲ್ಲ.

ಈ ಯಂತ್ರದ ಒಳಗುಟ್ಟು ಸರಳವಾದುದು. ಕೊಳವೆಯೊಳಗಿನ ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾದು ಕೆಂಡದಂತಾಗುತ್ತದೆ. ಅದರೊಳಗೆ ಸಿಂಪಡಿಸಿದ ಎಣ್ಣೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಶಿಲ್ಪಿಯು 1897ರಲ್ಲಿ ಇದನ್ನು ಸಾಧಿಸಿ ತೋರಿಸಿದನು. ಒಂದು ಲೀಟರ್ ಡೀಸೆಲಿನಿಂದ ಸುಮಾರು ಮೂರು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ತು ದೊರೆಯುತ್ತದೆ. ಎಣ್ಣೆಯ ಶಾಖದಲ್ಲಿ ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಬಂದು, ಉಳಿದುದು ಹೊಗೆಯೊಡನೆ ಹೋಗುತ್ತದೆ, ತಂಪುನೀರಿನಲ್ಲಿ ಕಳೆಯುತ್ತದೆ.

ಆ ಹೊಗೆಯಲ್ಲಿ ಏನಿದೆ? ಒಂದು ಲೀಟರ್ ಡೀಸೆಲ್ ಉರಿದಾಗ, ಅದರ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ, ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ನೂರು ಕಿಲೋವಾಟಿನ ಹೊರೆಯನ್ನು ಎರಡು ತಾಸು ನಡೆಸಿದರೆ ಸುಮಾರು 60 ಲೀಟರ್ ಎಣ್ಣೆ ಬೇಕು. ಅಷ್ಟರಿಂದಲೇ 160 ಕಿಲೋಗ್ರಾಂ ಅನಿಲ ಆಕಾಶಕ್ಕೇರುತ್ತದೆ. ಉರಿಯ ತಾಪಕ್ಕೆ ಗಾಳಿಯ ಸಾರಜನಕವೂ ಆಮ್ಲಜನಕವೂ ಬೆರೆತು ಎದೆಯುರಿ ತರುವ ಆಕ್ಸೈಡುಗಳಾಗುತ್ತವೆ. ಅರೆ ಉರಿದ ಮಸಿಯ ಕಣಗಳು ಕೂದಲೆಳೆಗಿಂತ ಎಷ್ಟೋ ಪಾಲು ಸೂಕ್ಷ್ಮವಾಗಿದ್ದು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ದೂರದ ಸ್ಥಾವರದ ಹೊಗೆ ಎತ್ತರದ ಚಿಮಣಿಯಿಂದ ಚೆದುರುವುದು. ಈ ಚಿಕ್ಕ ಯಂತ್ರದ ಹೊಗೆಯಾದರೋ ಜನರು ಉಸಿರಾಡುವ ಮಟ್ಟದಲ್ಲಿಯೇ ಸುಳಿಯುವುದು. ಅಪಾಯದ ಮೂಲ ಇಲ್ಲಿದೆ.

ಇದಕ್ಕೆ ನಿಯಮಗಳಿಲ್ಲದಿಲ್ಲ. ಹೊಗೆಕೊಳವೆಯು ಕಟ್ಟಡದ ನೆತ್ತಿಗಿಂತ ಎಷ್ಟು ಮೇಲಿರಬೇಕೆಂಬುದಕ್ಕೆ ಲೆಕ್ಕವುಂಟು: ಯಂತ್ರದ ಕೆ.ವಿ.ಎ. ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿದಷ್ಟು ಮೀಟರು. 400 ಕೆ.ವಿ.ಎ. ಯಂತ್ರಕ್ಕೆ ನಾಲ್ಕು ಮೀಟರು. ಸದ್ದು, ಹೊದಿಕೆಯಿಂದ ಒಂದು ಮೀಟರು ದೂರದಲ್ಲಿ, 75 ಡೆಸಿಬೆಲ್ ಮೀರಬಾರದು. 2023ರ ಜುಲೈಯಿಂದ ಹೊಸ ಯಂತ್ರಗಳ ಹೊಗೆಗೆ ಇನ್ನೂ ಬಿಗಿಯಾದ ಮಿತಿ ಬಂದಿದೆ. ಹಳೆಯ ಯಂತ್ರಗಳ ವಿಷಯದಲ್ಲಿ ಒಡೆಯನ ಎಚ್ಚರವೇ ಮುಖ್ಯ. ಅಗತ್ಯಕ್ಕಿಂತ ದೊಡ್ಡ ಯಂತ್ರವನ್ನು ಅಲ್ಪ ಹೊರೆಯಲ್ಲಿ ಓಡಿಸಿದರೆ ಮಸಿ ಹೆಚ್ಚು. ಸೋಸುಕಗಳನ್ನು ಕಾಲಕಾಲಕ್ಕೆ ಬದಲಿಸಿದರೆ ಕಡಿಮೆ. ಬಳಸಿ ತೆಗೆದ ಎಣ್ಣೆಯನ್ನು ಚರಂಡಿಗೆ ಚೆಲ್ಲಿದರೆ ಅದು ನೆಲಕ್ಕಿಳಿದು ಅಂತರ್ಜಲವನ್ನು ಕೆಡಿಸುವುದು.

ಈ ಯಂತ್ರದ ಉಪಕಾರವನ್ನು ಅಲ್ಲಗಳೆಯಲಾಗದು. ಕತ್ತಲಾದ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅದು ಪ್ರಾಣದಾತೃ. ಆದರೆ 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ಇಲ್ಲಿ ತಿರುವುಮುರುವಾಗಬಾರದು. ಕಾರ್ಖಾನೆಗಳನ್ನು ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಒಮ್ಮೆ ತಮ್ಮ ಹೊಗೆಕೊಳವೆ ಯಾರ ಕಿಟಕಿಯತ್ತ ಮುಖಮಾಡಿದೆಯೆಂಬುದನ್ನು ಹೊರಗೆ ನಿಂತು ನೋಡಲಿ. ಛಾವಣಿಯ ಮೇಲೆ ಸುರಿಯುವ ಬಿಸಿಲನ್ನು ಹಗಲಿನ ಕೆಲಸಕ್ಕೆ ದುಡಿಸಿಕೊಂಡು, ಡೀಸೆಲನ್ನು ಆಪತ್ಕಾಲಕ್ಕೆ ಮಾತ್ರ ಮೀಸಲಿಡಲಿ. ನೆರೆಯವನ ಉಸಿರಿಗೂ ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಇರುವುದು ನ್ಯಾಯ.