ಪಾದ ಹಿಡಿದ ಕೈಗೆ ಎಷ್ಟು ಅಂಕ?

ಮುಳಬಾಗಿಲು ತಾಲ್ಲೂಕಿನ ಬೈರಕೂರು ನನ್ನ ಹುಟ್ಟೂರು. ಆಂಧ್ರದ ಗಡಿ ಅಲ್ಲಿಗೆ ದೂರವಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಬೆರೆತ ಮಾತು. ಹೀಗೆ ಬೆಳೆದವರು ನಾವು. ಮೂವತ್ತು ವರ್ಷಗಳಿಗೂ ಮಿಕ್ಕಿ ಶಸ್ತ್ರವೈದ್ಯನಾಗಿ, ಅಧ್ಯಾಪಕನಾಗಿ ದುಡಿದು ನಿವೃತ್ತನಾದ ಮೇಲೂ ಊರಿಗೆ ಹೋದಾಗಲೆಲ್ಲ ಮನೆಯ ಜಗಲಿಯೇ ಒಂದು ಸಣ್ಣ ಆಸ್ಪತ್ರೆಯಾಗಿಬಿಡುತ್ತದೆ. ಈಚೆಗೊಮ್ಮೆ ಹಾಗೆ ಬಂದು ಕುಳಿತವನು, ಒಂದನೆಯ ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಮರಳಿನ ಮೇಲೆ ಅಕ್ಷರ ತಿದ್ದಿದ ಗೆಳೆಯ. ಟೊಮೇಟೊ ಬೆಳೆಯುತ್ತಾನೆ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ರೂಪಾಯಿಯಗಲದ ಹುಣ್ಣು.

“ನೋವಿಲ್ಲ ಕಣಣ್ಣಯ್ಯ, ಅದಕ್ಕೇ ಸುಮ್ಮನಿದ್ದೆ” ಎಂದ.

ನೋವಿಲ್ಲದಿರುವುದೇ ಅಲ್ಲಿನ ಕಾಯಿಲೆ ಎಂದು ಅವನಿಗೆ ತಿಳಿಯಹೇಳಿ, ದೊಡ್ಡದೊಂದು ಆಸ್ಪತ್ರೆಗೆ ಕಳುಹಿಸಿಕೊಟ್ಟೆ. ಹತ್ತು ದಿನಗಳ ಮೇಲೆ ನೋಡಿಬರಲು ಹೋದಾಗ ಹೌಸ್ ಸರ್ಜನ್ ಹುಡುಗಿಯೊಬ್ಬಳು ಸ್ಟೂಲಿನ ಮೇಲೆ ಕುಳಿತು, ಅವನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹುಣ್ಣನ್ನು ತೊಳೆಯುತ್ತಿದ್ದಳು. ಅವನ ಚಪ್ಪಲಿಯೊಳಗೆ ಕೈಯಾಡಿಸಿ, ಅಟ್ಟೆಯಿಂದ ಮೇಲೆದ್ದಿದ್ದ ಮೊಳೆಯ ತುದಿಯನ್ನು ಪತ್ತೆ ಮಾಡಿದವಳೂ ಅವಳೇ. ನಾನು ಹೊರಡುವಾಗ ಮೊಗಸಾಲೆಯವರೆಗೂ ಬಂದು ಕೇಳಿದಳು: “ಸಾರ್, ತಪ್ಪು ತಿಳಿಯಬೇಡಿ. ದಿನವೂ ಈ ಕಾಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ನನ್ನ ಜೊತೆಯವರು ಐವತ್ತು ಪ್ರಶ್ನೆ ಬಿಡಿಸಿರುತ್ತಾರೆ. ಇದಕ್ಕೆ ಎಲ್ಲಾದರೂ ಅಂಕ ಉಂಟೇ?”

ಉತ್ತರ ನನಗೆ ಗೊತ್ತಿತ್ತು; ಹೇಳಲು ನಾಲಗೆ ಬರಲಿಲ್ಲ. ವೈದ್ಯ ವಿದ್ಯಾರ್ಥಿಯ ಅಂಕಗಳು ಅವನ ಮುಂದಿನ ತರಬೇತಿಯನ್ನು ಹೇಗೆ ನಿರ್ಧರಿಸುತ್ತವೆ ಎಂಬ ಇಂದಿನ ಈ ಮಾತು ಅವಳಿಗೆ ಅಂದು ಕೊಡದೆ ಉಳಿಸಿಕೊಂಡ ಉತ್ತರವೆಂದೇ ತಿಳಿಯಬಹುದು.

ಪಾದದಿಂದಲೇ ಆರಂಭಿಸೋಣ. ನಮ್ಮಲ್ಲಿ ಪಾದದ ಚಿಕಿತ್ಸೆ ಶಸ್ತ್ರವೈದ್ಯದ ಒಂದು ಮೂಲೆ. ಬೆಂಗಳೂರಿನ ಕರ್ನಾಟಕ ಅಂತಃಸ್ರಾವಶಾಸ್ತ್ರ ಸಂಶೋಧನಾ ಸಂಸ್ಥೆಯಂಥ ಕೆಲವೆಡೆ ಮಾತ್ರ ಅದಕ್ಕೊಂದು ಪ್ರತ್ಯೇಕ ವಿಭಾಗವಿದೆ. ಅಮೆರಿಕದಲ್ಲಾದರೋ ಅದು ಸ್ವತಂತ್ರ ವೃತ್ತಿ. ಪದವಿಯ ನಂತರ ನಾಲ್ಕು ವರ್ಷ ಪಾದವೈದ್ಯ ಕಾಲೇಜು, ಆಮೇಲೆ ಆಸ್ಪತ್ರೆಯಲ್ಲಿ ಮೂರು ವರ್ಷ ‘ರೆಸಿಡೆನ್ಸಿ’. ನನ್ನ ತಂಗಿಯ ಮೊಮ್ಮಗಳೊಬ್ಬಳು ಷಿಕಾಗೋ ಕಡೆ ಈ ವಿದ್ಯೆಯನ್ನೇ ಕಲಿತಳು. ಮನೆಯವರಿಗೆ ಮೊದಮೊದಲು ಸಂಕೋಚ. ‘ಹುಡುಗಿ ಕಾಲು ನೋಡುವ ಡಾಕ್ಟರು’ ಎಂದು ಹೇಳಿಕೊಳ್ಳುವುದು ಹೇಗೆ? ಎಲ್ಲರ ಕಾಲಿಗೂ ಬೀಳುವ ನಾಡಿನಲ್ಲಿ ಕಾಲನ್ನು ಮುಟ್ಟುವ ಕೆಲಸಕ್ಕೆ ಇಷ್ಟು ನಾಚಿಕೆಯೇಕೋ!

ಅವಳಿಂದ ತಿಳಿದುಕೊಂಡ ಕ್ರಮ ಹೀಗಿದೆ. ಅಲ್ಲಿ ಮೊದಲೆರಡು ವರ್ಷಗಳ ಅಂಗರಚನೆ, ಜೀವರಸಾಯನಗಳ ಅಂಕಗಳೆಲ್ಲ ಸೇರಿ ನಾಲ್ಕಕ್ಕೆ ಇಷ್ಟು ಎಂಬ ಒಂದು ಸರಾಸರಿಯಾಗುತ್ತದೆ. ತರಗತಿಯಲ್ಲಿ ಎಷ್ಟನೆಯ ಸ್ಥಾನ ಎಂಬುದೂ ದಾಖಲಾಗುತ್ತದೆ. ಕೊನೆಯ ವರ್ಷ ವಿದ್ಯಾರ್ಥಿಗಳು ತಮ್ಮ ಕಾಲೇಜನ್ನು ಬಿಟ್ಟು ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಸುಮಾರು ಒಂದೊಂದು ತಿಂಗಳು ಕೆಲಸ ಮಾಡುತ್ತಾರೆ. ಅದಕ್ಕೆ ‘ಎಕ್ಸ್‌ಟರ್ನ್‌ಷಿಪ್’ ಎಂದು ಹೆಸರು. ಸರಾಸರಿ ಮೂರಕ್ಕಿಂತ ಕಡಿಮೆಯಿದ್ದರೆ ಅರ್ಜಿಯನ್ನೇ ತೆರೆಯದ ಆಸ್ಪತ್ರೆಗಳುಂಟು. ಅಂದರೆ ಅಂಕ ಅಲ್ಲಿ ಬಾಗಿಲು ಕಾಯುವ ಜವಾನ. ಒಳಗೆ ಕಾಲಿಟ್ಟ ಮೇಲೆ ಅವನ ಅಧಿಕಾರ ಬಹುಮಟ್ಟಿಗೆ ಮುಗಿಯಿತು. ಆ ಒಂದು ತಿಂಗಳು ಹುಡುಗಿ ಬೆಳಗಿನ ಜಾವ ಎಷ್ಟು ಹೊತ್ತಿಗೆ ಬಂದಳು, ಗಾಯವನ್ನು ಹೇಗೆ ತೊಳೆದಳು, ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಂಡಳೇ, ರೋಗಿಯೊಡನೆ, ದಾದಿಯರೊಡನೆ ಹೇಗೆ ಮಾತನಾಡಿದಳು ಎಂಬುದನ್ನೆಲ್ಲ ಅಲ್ಲಿಯ ಹಿರಿಯರು ನೋಡುತ್ತಾರೆ. ಆಮೇಲೆ ಸಂದರ್ಶನ, ಕಡೆಗೆ ವಿದ್ಯಾರ್ಥಿಗಳು ಆಸ್ಪತ್ರೆಗಳನ್ನೂ ಆಸ್ಪತ್ರೆಗಳು ವಿದ್ಯಾರ್ಥಿಗಳನ್ನೂ ತಮ್ಮ ಇಷ್ಟದ ಕ್ರಮದಲ್ಲಿ ಬರೆದುಕೊಟ್ಟು, ಗಣಕಯಂತ್ರ ಎರಡು ಪಟ್ಟಿಗಳನ್ನೂ ಹೊಂದಿಸುತ್ತದೆ. ಜಾತಕ ಕೂಡಿಸಿದಂತೆಯೇ!

ನಮ್ಮ ಹುಡುಗಿಗೆ ಮೊದಲ ವರ್ಷ ಜೀವರಸಾಯನ ಕೈಕೊಟ್ಟಿತ್ತು. ಅವಳು ಬಯಸಿದ ಎರಡು ಆಸ್ಪತ್ರೆಗಳು ತಿಂಗಳ ಮಟ್ಟಿಗೂ ಸೇರಿಸಿಕೊಳ್ಳಲಿಲ್ಲ. ಸೇರಿಸಿಕೊಂಡ ಮೂರನೆಯದೇ ಅವಳ ಕೆಲಸವನ್ನು ನೋಡಿ ಮೂರು ವರ್ಷಕ್ಕೆ ಇಟ್ಟುಕೊಂಡಿತು. ಎಲ್ಲರಿಗೂ ಹೀಗೇ ಆಗುತ್ತದೆಂದು ನಾನು ಹೇಳುತ್ತಿಲ್ಲ. 2013ರ ಸುಮಾರಿಗೆ ಅಲ್ಲಿ ಪದವಿ ಮುಗಿಸಿದವರಿಗಿಂತ ರೆಸಿಡೆನ್ಸಿಯ ಸ್ಥಾನಗಳೇ ಕಡಿಮೆಯಾಗಿ, ಸಾಲ ಮಾಡಿ ಓದಿದ ಎಷ್ಟೋ ಮಂದಿ ಕೆಲಸವಿಲ್ಲದೆ ನಿಂತರು. ಸ್ಥಾನ ಕಡಿಮೆಯಾದಷ್ಟೂ ಬಾಗಿಲ ಜವಾನ ಬಿಗಿಯಾಗುತ್ತಾನೆ.

ಈಗ ನಮ್ಮ ಮನೆಯ ಕಥೆಗೆ ಬರೋಣ. ನಾನು ಓದಿದ ಕಾಲದಲ್ಲಿ ಸ್ನಾತಕೋತ್ತರ ಸೀಟು ಸಿಗುತ್ತಿದ್ದುದು ಎಂ.ಬಿ.ಬಿ.ಎಸ್. ಪರೀಕ್ಷೆಗಳ ಅಂಕಗಳ ಮೇಲೆ. ಒಂದು ವಿಶ್ವವಿದ್ಯಾಲಯದ ಅರುವತ್ತು ಇನ್ನೊಂದರ ಅರುವತ್ತಕ್ಕೆ ಸಮನಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅದಕ್ಕಿಂತ ದೊಡ್ಡ ಗುಟ್ಟು ಪ್ರಾಯೋಗಿಕ ಪರೀಕ್ಷೆಯ ಕೋಣೆಯಲ್ಲಿತ್ತು. ಅದನ್ನು ಬಯಲು ಮಾಡಲು ನನಗೆ ಅಧಿಕಾರವಿದೆ, ಏಕೆಂದರೆ ಪಾಲುದಾರರಲ್ಲಿ ನಾನೂ ಒಬ್ಬ.

1980ರ ದಶಕದ ಮೊದಲಲ್ಲಿ ಒಂದು ಕಾಲೇಜಿನಲ್ಲಿ ನಾನು ಪರೀಕ್ಷಕನಾಗಿದ್ದೆ. ನಮ್ಮ ಸೀಮೆಯ ಹುಡುಗನೇ ಒಬ್ಬ ಬಂದ. ಅವನ ಪಾಲಿಗೆ ಬಂದ ರೋಗಿಗೆ ಕಾಲಿನ ಹುಣ್ಣು. ಹುಡುಗ ಮೊದಲು ಕೆಳಗೆ ಕುಳಿತ. ಬೆರಳ ಸಂದುಗಳನ್ನೆಲ್ಲ ಬಿಡಿಸಿ ನೋಡಿದ. ಇನ್ನೊಂದು ಕಾಲನ್ನೂ ಮುಟ್ಟಿ ಹೋಲಿಸಿದ. ಮಂಚದ ಕೆಳಗಿನ ಚಪ್ಪಲಿಯನ್ನು ಎತ್ತಿ ತಿರುಗಿಸಿದ. ಆಮೇಲೆ ಎದ್ದು ನಿಂತು ಇಂಗ್ಲಿಷಿನಲ್ಲಿ ವಿವರಿಸಲು ಹೊರಟವನು ತೊದಲಿದ, ಬೆವರಿದ, ತೆಲುಗಿನ ರಾಗ ಬೆರೆತ ಅವನ ಉಚ್ಚಾರಣೆಗೆ ನನ್ನ ಜೊತೆಯ ಪರೀಕ್ಷಕರು ಮುಗುಳ್ನಕ್ಕರು. ನಾನೂ ನಕ್ಕೆ. ಅದು ನನ್ನದೇ ರಾಗವಾಗಿತ್ತು. ಕಷ್ಟಪಟ್ಟು ನಾನು ತೊಳೆದುಕೊಂಡಿದ್ದ ರಾಗ. ಅವನ ನಂತರ ಬಂದವನು ಪಾದವನ್ನು ಮುಟ್ಟಲೇ ಇಲ್ಲ. ಹುಣ್ಣಿಗೆ ಹನ್ನೆರಡು ಕಾರಣಗಳನ್ನು ನಿರರ್ಗಳವಾಗಿ ಹೇಳಿದ. ಅವನಿಗೆ ಅಂಕ ಹೆಚ್ಚು ಬಂತು. ನಮ್ಮೂರ ಕಡೆಯ ಹುಡುಗ ಒಂದೆರಡು ಅಂಕಗಳಲ್ಲಿ ಶಸ್ತ್ರವೈದ್ಯದ ಸೀಟನ್ನು ಕಳೆದುಕೊಂಡನೆಂದು ಮರುವರ್ಷ ಕೇಳಿದೆ. ಆ ಒಂದೆರಡು ಅಂಕ ನನ್ನ ಪೆನ್ನಿನಿಂದಲೇ ತಪ್ಪಿದುವೆ? ಲೆಕ್ಕ ಹಾಕಿ ನೋಡಲು ಈವರೆಗೂ ಧೈರ್ಯ ಬಂದಿಲ್ಲ.

ಆದ್ದರಿಂದ ಒಂದೇ ಪ್ರಶ್ನೆಪತ್ರಿಕೆಯ ಪ್ರವೇಶ ಪರೀಕ್ಷೆಗಳು ಬಂದಾಗ ನಾನು ಮನಸಾರೆ ಸ್ವಾಗತಿಸಿದೆ. ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ ಸೀಟುಗಳ ಒಂದು ಪಾಲಿಗೆ ಅಖಿಲ ಭಾರತ ಪರೀಕ್ಷೆ ಬಂತು. ರಾಜ್ಯದ ಕಾಲೇಜುಗಳೆಲ್ಲ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ತೆಕ್ಕೆಗೆ ಬಂದ ಮೇಲೆ ಇಲ್ಲಿಯೂ ಪ್ರವೇಶ ಪರೀಕ್ಷೆ ನಡೆಯಿತು. ಖಾಸಗಿ ಕಾಲೇಜುಗಳಿಗೆ ಬೇರೆಯೇ ಒಂದು. ಎಂ.ಬಿ.ಬಿ.ಎಸ್. ಅಂಕಗಳ ಮೇಲೆ ಆರಿಸಲು ವೈದ್ಯಕೀಯ ಪರಿಷತ್ತಿನ 2000ದ ನಿಯಮಗಳಲ್ಲಿಯೂ ಅವಕಾಶವಿತ್ತು, ಆದರೆ ಆ ದಾರಿಯಲ್ಲಿ ಹುಲ್ಲು ಬೆಳೆಯಿತು. ‘ನೀಟ್’ 2013ರಲ್ಲಿ ಒಮ್ಮೆ ಬಂದು, ಅದೇ ವರ್ಷ ನ್ಯಾಯಾಲಯದಲ್ಲಿ ಬಿದ್ದು, 2017ರಿಂದ ಇಡೀ ದೇಶಕ್ಕೆ ಒಂದೇ ಪರೀಕ್ಷೆಯಾಗಿ ನೆಲೆನಿಂತಿತು. ಇನ್ನೂರು ಪ್ರಶ್ನೆ, ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಯಂತ್ರಕ್ಕೆ ಯಾರ ಉಚ್ಚಾರಣೆಯೂ ಕೇಳಿಸುವುದಿಲ್ಲ. ಅದು ಸಣ್ಣ ಉಪಕಾರವಲ್ಲ.

ಆದರೆ ಯಂತ್ರಕ್ಕೆ ನೆಲದ ಮೇಲೆ ಕುಳಿತು ಬೆರಳ ಸಂದು ಬಿಡಿಸುವುದೂ ಕಾಣಿಸುವುದಿಲ್ಲ. ನಾಲ್ಕೂವರೆ ವರ್ಷದ ಓದಿನ ಮೇಲೆ ಒಂದು ವರ್ಷ ಹೌಸ್ ಸರ್ಜನ್ ಕೆಲಸವೆಂದು ಇಟ್ಟಿದ್ದು ಕೈಗೆ ವಿದ್ಯೆ ಇಳಿಯಲೆಂದು. ಆ ಕೆಲಸಕ್ಕೂ ಅಂಕವಿಡುವ ಪದ್ಧತಿ 1997ರ ನಿಯಮಗಳಲ್ಲಿ ಇತ್ತು: ಸೊನ್ನೆಯಿಂದ ಐದರವರೆಗೆ, ಮೂರು ಬಂದರೆ ತೃಪ್ತಿಕರ. ಯಾರಿಗೂ ಮೂರಕ್ಕಿಂತ ಕಡಿಮೆ ಬಂದುದನ್ನು ನನ್ನ ಅನುಭವದಲ್ಲಿ ನಾನು ಕಂಡಿಲ್ಲ, ಐದು ಬಂದವನಿಗೆ ಅದರಿಂದ ಪ್ರಯೋಜನವಾದುದನ್ನೂ ಕಂಡಿಲ್ಲ. ಸ್ನಾತಕೋತ್ತರ ರ‍್ಯಾಂಕಿಗೂ ಆ ವರ್ಷದ ದುಡಿಮೆಗೂ ಸಂಬಂಧವೇ ಇಲ್ಲ. ಅಮೆರಿಕದ ಹುಡುಗಿಗೆ ಒಂದು ತಿಂಗಳ ಕೆಲಸ ಭವಿಷ್ಯವನ್ನೇ ಕೊಟ್ಟಿತು. ನಮ್ಮ ಹುಡುಗಿಗೆ ಹನ್ನೆರಡು ತಿಂಗಳ ಕೆಲಸ ಓದಿಗೆ ಅಡ್ಡಿ. ವಾರ್ಡಿನಿಂದ ತಪ್ಪಿಸಿಕೊಂಡು ವಾಚನಾಲಯದಲ್ಲಿ ಕುಳಿತವನು ಜಾಣ. ಇದು ವಿದ್ಯಾರ್ಥಿಗಳ ದೋಷವೆಂದು ನಾನು ಒಪ್ಪುವುದಿಲ್ಲ. ಯಾವುದನ್ನು ಅಳೆಯುತ್ತೇವೋ ಅದನ್ನೇ ಅವರು ಬೆಳೆಯುತ್ತಾರೆ.

ಈ ಅಳತೆಯೂ ಎಂಥದು ಎಂಬುದಕ್ಕೆ ಒಂದು ಸಂಗತಿ. ಅರ್ಹತೆಯನ್ನು ಇಲ್ಲಿ ಶೇಕಡಾವಾರಿನಲ್ಲಿ ಅಲ್ಲ, ‘ಪರ್ಸೆಂಟೈಲ್’ ಎಂಬುದರಲ್ಲಿ ಹೇಳುತ್ತಾರೆ. ಐವತ್ತು ಎಂದರೆ ನೂರಕ್ಕೆ ಐವತ್ತು ಅಂಕವಲ್ಲ. ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಮಂದಿ ನಿಮಗಿಂತ ಕೆಳಗಿದ್ದಾರೆ ಎಂದು ಅರ್ಥ. ಸೀಟುಗಳು ಖಾಲಿ ಉಳಿದುವೆಂದು 2023ರಲ್ಲಿ ಈ ಮಿತಿಯನ್ನು ಸೊನ್ನೆಗೆ ಇಳಿಸಿದರು. ಪರೀಕ್ಷೆಗೆ ಕುಳಿತವರೆಲ್ಲರೂ ಅರ್ಹರು! ಬೇಡಿಕೆಯ ವಿಷಯಗಳಲ್ಲಿ ಒಂದು ಅಂಕಕ್ಕೆ ನೂರಾರು ಮಂದಿ ಹಿಂದೆ ಬೀಳುವ ಅದೇ ಪರೀಕ್ಷೆಯಲ್ಲಿ ಇದು.

ಹಾಗಾದರೆ ಮನುಷ್ಯನ ಕಣ್ಣನ್ನೂ ಯಂತ್ರದ ಕಣ್ಣನ್ನೂ ಕೂಡಿಸಲಾಗದೆ? ಬೈರಕೂರಿನ ನಮ್ಮವರು ಕಾಯಿಲೆ ಜೋರಾದರೆ ನಂಗಲಿ, ಪಲಮನೇರು, ಚಿತ್ತೂರು ದಾಟಿ ಹೋಗುತ್ತಿದ್ದ ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಅಂಥದೊಂದು ಪದ್ಧತಿ ಬಹುಕಾಲ ನಡೆಯಿತು. ಎಂ.ಬಿ.ಬಿ.ಎಸ್. ಸೇರಬಯಸುವವರಿಗೆ ಲಿಖಿತ ಪರೀಕ್ಷೆಯಿತ್ತು. ಅದರಲ್ಲಿ ಮೇಲೆ ಬಂದವರನ್ನು ಕರೆಸಿಕೊಂಡು ಕೆಲವು ದಿನ ಜೊತೆಯಲ್ಲಿಟ್ಟುಕೊಂಡು, ಕೆಲಸ ಕೊಟ್ಟು ನೋಡಿ ಆರಿಸುತ್ತಿದ್ದರು. 1946ರಲ್ಲಿ ಅಲ್ಲಿಗೆ ಬಂದ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಆ ಹುಣ್ಣು ರೋಗಾಣುವಿನಿಂದಲ್ಲ, ನೋವು ತಿಳಿಯದೆ ನಡೆದೂ ನಡೆದೂ ಆದದ್ದು ಎಂದು ತೋರಿಸಿಕೊಟ್ಟರು. ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸಿದರು. ಮುಂದೆ ಅಮೆರಿಕಕ್ಕೆ ಹೋಗಿ ಅದೇ ತಿಳಿವನ್ನು ಸಕ್ಕರೆ ಕಾಯಿಲೆಯವರ ಪಾದಗಳಿಗೂ ಅನ್ವಯಿಸಿದರು. ನನ್ನ ಗೆಳೆಯನ ಹುಣ್ಣು ಆ ಹುಣ್ಣುಗಳ ದಾಯಾದಿ.

ನೀಟ್ ಬಂದಾಗ ಆ ಕಾಲೇಜು ತನ್ನ ಪದ್ಧತಿಯನ್ನು ಬಿಡಲೊಲ್ಲದೆ 2017ರಲ್ಲಿ ಎಂ.ಬಿ.ಬಿ.ಎಸ್.ನ ನೂರು ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿತು. 2020ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಎಲ್ಲ ಕಾಲೇಜುಗಳಿಗೂ ನೀಟ್ ಅನ್ವಯಿಸುತ್ತದೆಂದು ತೀರ್ಪು ಕೊಟ್ಟಿತು. ತೀರ್ಪಿಗೆ ಕಾರಣಗಳಿದ್ದುವು. ಸಂದರ್ಶನದ ಹೆಸರಿನಲ್ಲಿ ದೇಶದ ಎಷ್ಟೋ ಕಾಲೇಜುಗಳಲ್ಲಿ ಸೀಟುಗಳು ಹರಾಜಾದುದನ್ನು ನಾವೆಲ್ಲ ಬಲ್ಲೆವು. ಪ್ರಾಮಾಣಿಕವಾಗಿ ನೋಡುತ್ತಿದ್ದ ಕಣ್ಣೊಂದು ಕಳ್ಳಗಣ್ಣುಗಳ ಜೊತೆಗೇ ಮುಚ್ಚಿಹೋಯಿತೆಂದು ನನ್ನ ಕೊರಗು. ಹಾಗೆಂದು ನನ್ನಂಥ ಪರೀಕ್ಷಕರ ಕೈಗೆ ಮತ್ತೆ ಪೆನ್ನು ಕೊಡಿ ಎಂದು ಕೇಳಲು ನನಗೆ ಬಾಯಿಲ್ಲ. ಒಬ್ಬನಲ್ಲ, ಬೇರೆ ಬೇರೆ ವಾರ್ಡುಗಳ ಹತ್ತು ಮಂದಿ ನೋಡಿ, ಹುಡುಗಿಯ ಕೈಕೆಲಸಕ್ಕೆ ಇಟ್ಟ ಅಂಕ ರ‍್ಯಾಂಕಿನ ಒಂದು ಸಣ್ಣ ಪಾಲಾದರೂ ಆಗಲಿ. ಒಬ್ಬನ ನಗೆ ಇನ್ನೊಬ್ಬನ ಕಣ್ಣಿನಲ್ಲಿ ತೂಗಿಹೋಗಬಹುದು. ಇಷ್ಟು ಮಾತ್ರ ಹೇಳಬಲ್ಲೆ.

ಗೆಳೆಯನ ಹುಣ್ಣು ಮಾಯಿತು. ಮೆತ್ತನೆಯ ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋಗುತ್ತಾನೆ. ದಿನವೂ ರಾತ್ರಿ ಕನ್ನಡಿಯಲ್ಲಿ ಅಂಗಾಲು ನೋಡಿಕೊಳ್ಳಬೇಕೆಂದು ಹುಡುಗಿ ಕಲಿಸಿದ್ದಾಳಂತೆ. ಅವಳ ರ‍್ಯಾಂಕು ಶಸ್ತ್ರವೈದ್ಯದ ಸೀಟಿಗೆ ಸಾಲಲಿಲ್ಲ. ಇನ್ನೊಮ್ಮೆ ಬರೆಯುತ್ತೇನೆ ಎಂದಿದ್ದಾಳೆ. ಹೋದ ತಿಂಗಳು ಬಂದು, ತನ್ನ ಕೆಲಸವನ್ನು ಕಂಡವನೆಂದು ನನ್ನಿಂದ ಒಂದು ಪತ್ರ ಕೇಳಿದಳು. ಎರಡು ಪುಟ ಬರೆದುಕೊಟ್ಟೆ. ಮೊಳೆಯ ವಿಷಯವನ್ನೂ ಬರೆದೆ. ಸೀಟು ಹಂಚುವ ಅರ್ಜಿಯಲ್ಲಿ ಅಂಥ ಪತ್ರವನ್ನು ಲಗತ್ತಿಸಲು ಜಾಗವಿಲ್ಲವೆಂಬುದು ನಮ್ಮಿಬ್ಬರಿಗೂ ತಿಳಿದಿತ್ತು. ಮಡಚಿ, ತನ್ನ ಪುಸ್ತಕದೊಳಗೆ ಇಟ್ಟುಕೊಂಡು ಹೋದಳು.