ಕೊನೆಯ ಮಗುವಿನ ಆಸನ: 'ಅರ್ಧ' ಎಂಬ ಉತ್ತರವನ್ನು ಪರೀಕ್ಷಿಸುವ ಬಗೆ

ಸಂಭವನೀಯತೆಯ ಪಾಠದಲ್ಲಿ ಮಕ್ಕಳ ಬಾಯಿಗೆ ಎಲ್ಲಕ್ಕಿಂತ ಮೊದಲು ಬರುವ ಉತ್ತರ 'ಅರ್ಧ'. ನಾಳೆ ಮಳೆ ಬರಬಹುದು, ಬಾರದೆಯೂ ಇರಬಹುದು, ಆದ್ದರಿಂದ ಅರ್ಧ. ಜುಲೈ ತಿಂಗಳಲ್ಲಿ ಕೊಡಗಿನಲ್ಲಿ ಕುಳಿತು ಈ ಮಾತು ಹೇಳಿದರೆ ಒಂದನೇ ತರಗತಿಯ ಮಗುವೂ ನಗುತ್ತದೆ. ಆದರೆ ನಾಣ್ಯ, ದಾಳ, ಚೀಟಿ ಎಂದು ಪುಸ್ತಕ ತೆರೆದ ಕೂಡಲೇ ಅದೇ ತರ್ಕ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ದೊಡ್ಡವರೂ ಇದರಿಂದ ಪಾರಾಗಿಲ್ಲ. ಫ್ರಾನ್ಸಿನ ಗಣಿತಜ್ಞ ದಲಂಬೇರ್ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನವೊಂದರಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ 2/3 ಎಂದು ವಾದಿಸಿದ. ಮೊದಲ ಸಲವೇ ಶಿರ, ಎರಡನೇ ಸಲ ಶಿರ, ಎರಡೂ ಸಲ ಪುಚ್ಛ. ಮೂರರಲ್ಲಿ ಎರಡು ಅನುಕೂಲ. ಸರಿಯಾದ ಉತ್ತರ 3/4. ಅವನು ಎಣಿಸಿದ ಮೂರು ಫಲಿತಗಳು ಸಮಸಂಭವನೀಯವಲ್ಲ. ಮೊದಲನೆಯದರ ತೂಕ ಉಳಿದ ಎರಡೂ ಸೇರಿದಷ್ಟು.

ನಮ್ಮ ಹತ್ತನೇ ತರಗತಿಯ ಪಠ್ಯಪುಸ್ತಕದ ಅಭ್ಯಾಸದಲ್ಲೂ ಇದೇ ಜಾತಿಯ ಪ್ರಶ್ನೆಯಿದೆ: ಎರಡು ನಾಣ್ಯಗಳಿಗೆ ಮೂರು ಫಲಿತಗಳು, ಹಾಗಾಗಿ ಪ್ರತಿಯೊಂದಕ್ಕೂ 1/3 ಎಂಬ ವಾದ ಸರಿಯೇ? ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಇದನ್ನು ಮನೆಗೆಲಸಕ್ಕೆ ತಳ್ಳಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಘಟಕದ ಜೀವ ಇರುವುದೇ ಅಲ್ಲಿ. ಹಾಗಾಗಿ ಅಮ್ಮತ್ತಿಯ ಒಂದು ಪ್ರೌಢಶಾಲೆಯಲ್ಲಿ ಪ್ರಶಿಕ್ಷಣಾರ್ಥಿಗಳಿಗಾಗಿ ಪ್ರದರ್ಶನ ಪಾಠ ಮಾಡುವಾಗ, ಉತ್ತರ ನಿಜಕ್ಕೂ 'ಅರ್ಧ'ವೇ ಆಗಿರುವ ಒಂದು ಒಗಟನ್ನು ಬೇಕೆಂದೇ ಆರಿಸಿಕೊಂಡೆ. ಸೋಮಾರಿ ಅರ್ಧಕ್ಕೂ ದುಡಿದು ಪಡೆದ ಅರ್ಧಕ್ಕೂ ಇರುವ ವ್ಯತ್ಯಾಸ ಕಾಣಬೇಕೆಂದರೆ ಎರಡೂ ಒಂದೇ ಹಲಗೆಯ ಮೇಲೆ ಇರಬೇಕು.

ಈ ಒಗಟು ಲೋಕದಲ್ಲಿ ಪ್ರಸಿದ್ಧವಾಗಿರುವುದು ನೂರು ವಿಮಾನ ಪ್ರಯಾಣಿಕರ ಕಥೆಯಾಗಿ. ವಿಮಾನ ಹತ್ತದ ಮಕ್ಕಳಿಗೆ ಅದು ಬೇಡ. ಬಸ್ಸೂ ಆಗದು, ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿದವನದೇ ಸೀಟು. ಹತ್ತನೇ ತರಗತಿಯವರಿಗೆ ಚೆನ್ನಾಗಿ ಗೊತ್ತಿರುವುದು ಪರೀಕ್ಷಾ ಕೊಠಡಿ, ಡೆಸ್ಕಿನ ಮೇಲೆ ಅಂಟಿಸಿದ ನೋಂದಣಿ ಸಂಖ್ಯೆ.

ಕೊಠಡಿಯಲ್ಲಿ 30 ಆಸನ, 30 ಮಕ್ಕಳು. ಮಕ್ಕಳು 1, 2, 3 ಎಂದು ಸಂಖ್ಯೆಯ ಕ್ರಮದಲ್ಲಿ ಒಳಗೆ ಬರುತ್ತಾರೆ. ಒಂದನೇ ಮಗುವಿಗೆ ತನ್ನ ಸಂಖ್ಯೆ ಮರೆತುಹೋಗಿದೆ. ಅದು ಚೀಟಿ ಎತ್ತಿ ಯಾವುದೋ ಒಂದು ಆಸನದಲ್ಲಿ ಕೂರುತ್ತದೆ. ಅದು ತನ್ನದೇ ಆಸನ ಆಗಿರಲೂಬಹುದು. ಅನಂತರ ಬರುವ ಪ್ರತಿ ಮಗು ತನ್ನ ಆಸನ ಖಾಲಿಯಿದ್ದರೆ ಅಲ್ಲೇ ಕೂರುತ್ತದೆ; ಇಲ್ಲದಿದ್ದರೆ ಉಳಿದ ಖಾಲಿ ಆಸನಗಳಿಗೆ ಚೀಟಿ ಎತ್ತುತ್ತದೆ. 30ನೇ ಮಗುವಿಗೆ ತನ್ನ ಆಸನವೇ ಸಿಗುವ ಸಂಭವನೀಯತೆ ಎಷ್ಟು?

'ಯಾದೃಚ್ಛಿಕ' ಎಂಬ ಪದವನ್ನು ನಾನು ಕೊನೆಯವರೆಗೂ ಬಳಸಲಿಲ್ಲ. ಮನೆಯಲ್ಲಿ ಕೊಡವ ತಕ್ಕ್, ಮಲಯಾಳ, ತಮಿಳು, ಯರವ ಭಾಷೆ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುವ ತರಗತಿ ಅದು. ಚೀಟಿ ಎತ್ತುವುದು ಎಲ್ಲರಿಗೂ ಗೊತ್ತು.

ಹೆಚ್ಚಿನವರು 'ಮೂವತ್ತರಲ್ಲಿ ಒಂದು' ಎಂದರು. ಹಿಂದಿನ ಬೆಂಚಿನಿಂದ ಒಬ್ಬ, "ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅರ್ಧ ಅಲ್ವಾ ಮಿಸ್?" ಎಂದ. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಅವನ ಕಾರಣವನ್ನು ಅವನ ಮಾತಿನಲ್ಲೇ ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ದೊಡ್ಡ ಸಂಖ್ಯೆ ಹೆದರಿಸಿದರೆ ಚಿಕ್ಕದಕ್ಕೆ ಇಳಿಯಬೇಕು. ಎರಡು ಆಸನವಿದ್ದರೆ 1/2, ಸ್ಪಷ್ಟ. ಮೂರು ಆಸನ: ಒಂದನೇ ಮಗು 1ರಲ್ಲಿ ಕೂತರೆ (1/3) ಕೊನೆಯವನಿಗೆ ತನ್ನದು ಸಿಗುತ್ತದೆ, 3ರಲ್ಲಿ ಕೂತರೆ ಸಿಗದು, 2ರಲ್ಲಿ ಕೂತರೆ ಎರಡನೇ ಮಗು 1 ಮತ್ತು 3ಕ್ಕೆ ಚೀಟಿ ಎತ್ತುತ್ತದೆ, ಅದರಲ್ಲಿ ಅರ್ಧ. ಒಟ್ಟು 1/3 + 1/6 = 1/2. ನಾಲ್ಕು ಆಸನಕ್ಕೆ ಇದೇ ರೀತಿ 1/4 + 1/8 + 1/8, ಮತ್ತೆ 1/2. ಇಷ್ಟಕ್ಕೆ ಪ್ರತಿ ಸಲವೂ ಅರ್ಧವೇ ಎಂದು ತರಗತಿ ಗದ್ದಲ ಮಾಡತೊಡಗಿತು. ಆದರೆ ಏಕೆ?

ಮುಂದೆ ನಾಲ್ಕು ಕುರ್ಚಿ ಹಾಕಿಸಿ ಆಟವಾಡಿಸಿದೆ. ಎರಡನೇ ಸಂಖ್ಯೆಯ ಹುಡುಗಿ ಬಂದು ನೋಡಿದರೆ ಅವಳ ಕುರ್ಚಿಯಲ್ಲಿ ಒಂದನೆಯವನು. ನಿಯಮದಂತೆ ಅವಳು ಚೀಟಿ ಎತ್ತಬೇಕಿತ್ತು. ಅವಳು, "ಏಳೋ, ಇದು ನನ್ನ ಜಾಗ" ಎಂದು ಅವನನ್ನೇ ಎಬ್ಬಿಸಿದಳು. ಮಕ್ಕಳು 'ಔಟ್, ಔಟ್' ಎಂದು ಕೂಗಿದರು. ನಾನು ಆಟ ನಿಲ್ಲಿಸಿ ಕೇಳಿದೆ: ಇವಳ ಬದಲು ಅವನೇ ಚೀಟಿ ಎತ್ತಿದರೆ, ಯಾವ ಕುರ್ಚಿ ಖಾಲಿ ಉಳಿಯುತ್ತದೆ ಎಂಬುದರಲ್ಲಿ ಏನಾದರೂ ಬದಲಾಗುತ್ತದೆಯೇ?

ಆಗುವುದಿಲ್ಲ. ಯಾರು ಕೂತರು ಎಂಬುದು ಬದಲಾಗಬಹುದು, ಆದರೆ ತುಂಬಿದ ಕುರ್ಚಿಗಳು ಅವೇ, ಖಾಲಿ ಕುರ್ಚಿಗಳು ಅವೇ, ಎತ್ತುವ ಚೀಟಿಗಳೂ ಅವೇ. ಬಾಗಿಲಲ್ಲಿ ನಿಂತು ನೋಡುವವರಿಗೆ ಎಲ್ಲರದೂ ಒಂದೇ ಸಮವಸ್ತ್ರ. ನಮ್ಮ ಪ್ರಶ್ನೆಯೂ ಕೊನೆಗೆ ಯಾವ ಆಸನ ಖಾಲಿ ಎಂಬುದಷ್ಟೇ. ಎಡ್ವರ್ಡ್ ಡಿ ಬೋನೊ 1967ರಲ್ಲಿ 'ಪಾರ್ಶ್ವ ಚಿಂತನೆ' ಎಂದು ಹೆಸರಿಟ್ಟದ್ದು ಇಂಥದ್ದಕ್ಕೇ: ಲೆಕ್ಕವನ್ನು ಇನ್ನಷ್ಟು ಜೋರಾಗಿ ತಳ್ಳುವ ಬದಲು, ಪಕ್ಕಕ್ಕೆ ಸರಿದು ಕಥೆಯನ್ನೇ ಬೇರೆಯಾಗಿ ಹೇಳುವುದು.

ಹೊಸ ಕಥೆಯಲ್ಲಿ ಅಲೆಯುವವನು ಒಬ್ಬನೇ, ಆ ಮರೆಗುಳಿ. ಉಳಿದವರೆಲ್ಲ ತಮ್ಮ ತಮ್ಮ ಆಸನಕ್ಕೆ ಹೋಗಿ, ಅವನಿದ್ದರೆ ಎಬ್ಬಿಸುತ್ತಾರೆ. 30ನೇ ಮಗು ಬಾಗಿಲಿಗೆ ಬಂದಾಗ 2ರಿಂದ 29ರವರೆಗಿನವರು ತಮ್ಮ ತಮ್ಮ ಜಾಗದಲ್ಲೇ ಇದ್ದಾರೆ. ಹಾಗಾದರೆ ಮರೆಗುಳಿ ಇರಬಹುದಾದ ಜಾಗ ಎರಡೇ: 1 ಅಥವಾ 30. ಇಷ್ಟು ಹೊತ್ತು ಅವನು ಎತ್ತಿದ ಪ್ರತಿ ಚೀಟಿಯಲ್ಲೂ ಈ ಎರಡು ಸಂಖ್ಯೆಗಳು ಸರಿಸಮವಾಗಿ ಇದ್ದವು. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಂಬ ಕ್ಷಣ ಬರಲೇ ಇಲ್ಲ. ಎರಡರ ಹೆಸರನ್ನು ಅದಲುಬದಲು ಮಾಡಿದರೂ ಕಥೆ ಬದಲಾಗದು. ಇದೇ ಸಮಮಿತಿ. ಉತ್ತರ 1/2, ಆಸನ 30 ಇರಲಿ, 300 ಇರಲಿ.

ಈಗ ಮೂಲೆಯಲ್ಲಿ ಬರೆದಿಟ್ಟ ಮಾತಿನ ಸರದಿ. ಆ ಹುಡುಗನ ಉತ್ತರವೂ ಅರ್ಧವೇ, ಅವನು ಆಗಲೇ ಗೆದ್ದವನಂತೆ ಕೂತಿದ್ದ. ಇಲ್ಲಿ ಶಿಕ್ಷಕರು ಉಪದೇಶಕ್ಕೆ ಇಳಿಯಬಾರದು. ಇನ್ನೊಂದು ಪ್ರಶ್ನೆ ಕೇಳಬೇಕು. ಕೊನೆಯಿಂದ ಎರಡನೆಯವನಿಗೆ, ಅಂದರೆ 29ನೇ ಮಗುವಿಗೆ, ತನ್ನ ಆಸನ ಸಿಗುವ ಸಂಭವನೀಯತೆ ಎಷ್ಟು? 'ಸಿಕ್ಕಿದರೆ ಸಿಕ್ಕಿತು' ತರ್ಕಕ್ಕೆ ಇಲ್ಲಿಯೂ ಅರ್ಧ. ಆದರೆ ಅವನು ಬರುವಾಗ ಮರೆಗುಳಿ ಇರಬಹುದಾದ ಜಾಗಗಳು ಮೂರು: 1, 29, 30, ಮೂರೂ ಸಮ. 29ರಲ್ಲಿ ಇಲ್ಲದಿದ್ದರೆ ಸಾಕು, ಹಾಗಾಗಿ 2/3. ಅವನಿಗಿಂತ ಹಿಂದಿನವನಿಗೆ 3/4. ಹೀಗೇ ಹಿಂದೆ ಹೋದರೆ ಎರಡನೇ ಮಗುವಿಗೆ 29/30, ಇದನ್ನು ನೇರವಾಗಿಯೂ ತಾಳೆ ನೋಡಬಹುದು. ಹುಡುಗ ನಾಲ್ಕು ಕುರ್ಚಿಯ ಲೆಕ್ಕವನ್ನು ಮೂರನೇ ಮಗುವಿಗೆ ತಾನೇ ಮಾಡಿ ನೋಡಿದ: 1/4 + 1/6 + 1/4. ಮೊತ್ತ 2/3 ಎಂದು ಬಂದಾಗ ಎದ್ದು ಬಂದು, ಮೂಲೆಯಲ್ಲಿದ್ದ ತನ್ನ ವಾಕ್ಯವನ್ನು ಕೈಯಿಂದ ಒರೆಸಿದ.

ಜಾಣ ವಿದ್ಯಾರ್ಥಿಯನ್ನು ಕಾಯುವ ಬಲೆ ಬೇರೆ. ನಾಲ್ಕು ಕುರ್ಚಿಗಳಲ್ಲಿ ಮೂಲ ನಿಯಮದಂತೆ ಸಾಧ್ಯವಿರುವ ಜೋಡಣೆಗಳು 8. ಅವುಗಳಲ್ಲಿ 4ರಲ್ಲಿ ಕೊನೆಯವನು ತನ್ನ ಜಾಗದಲ್ಲಿರುತ್ತಾನೆ. 4/8 ಎಂದು ಬರೆದರೆ ಉತ್ತರವೂ ಸರಿ, ಎಣಿಕೆಯೂ ಸರಿ. ಕಾರಣ ಮಾತ್ರ ದಲಂಬೇರನದು, ಏಕೆಂದರೆ ಆ ಎಂಟೂ ಸಮಸಂಭವನೀಯವಲ್ಲ. ಎಲ್ಲರೂ ತಮ್ಮ ಜಾಗದಲ್ಲೇ ಇರುವ ಜೋಡಣೆಗೆ 1/4, ಎಲ್ಲರೂ ಒಂದೊಂದು ಜಾಗ ಮುಂದೆ ಸರಿದು ಕೊನೆಯವನು 1ಕ್ಕೆ ಬರುವ ಜೋಡಣೆಗೆ 1/4 × 1/3 × 1/2, ಅಂದರೆ 1/24. ಇದೇ ಎಣಿಕೆಯಿಂದ ಮೂರನೇ ಮಗುವಿಗೂ 4/8 ಬರುತ್ತದೆ, ಆದರೆ ನಿಜವಾದದ್ದು 2/3. ಉತ್ತರಪತ್ರಿಕೆ ತಿದ್ದುವಾಗ ಕೊನೆಯ ಸಾಲು ನೋಡಿ ಅಂಕ ಕೊಟ್ಟರೆ ಇಂಥದ್ದು ಸಿಕ್ಕಿಬೀಳುವುದೇ ಇಲ್ಲ. ಹಾಗಾಗಿ ಪಾಠಯೋಜನೆಯ ಮೌಲ್ಯಮಾಪನದ ಅಂಕಣದಲ್ಲಿ 30ನೇ ಮಗುವಿನ ಪ್ರಶ್ನೆಯನ್ನು ಒಂಟಿಯಾಗಿ ಹಾಕಬೇಡಿ. 29ನೆಯದನ್ನು ಜೊತೆಗೆ ಹಾಕಿ.

ಪ್ರಶಿಕ್ಷಣಾರ್ಥಿಯೊಬ್ಬರು ಪಾಠದ ನಂತರದ ಚರ್ಚೆಯಲ್ಲಿ ಕೇಳಿದರು: ಈ ಸಮಮಿತಿ ಯಾವಾಗ ಮುರಿಯುತ್ತದೆ? ಒಳ್ಳೆಯ ಪ್ರಶ್ನೆ. ಮರೆಗುಳಿಗೆ 'ಒಂದನೆಯದು ನನ್ನದಲ್ಲ' ಎಂದು ಹೇಗೋ ಅನಿಸಿ, ಮೊದಲ ಸಲ ಅದನ್ನು ಬಿಟ್ಟು ಉಳಿದವುಗಳಿಗಷ್ಟೇ ಚೀಟಿ ಎತ್ತಿದ ಎನ್ನಿ. ಆಗ 1 ಮತ್ತು ಕೊನೆಯ ಆಸನ ಮೊದಲ ಹೆಜ್ಜೆಯಲ್ಲೇ ಸಮವಾಗಿ ಉಳಿಯುವುದಿಲ್ಲ. ನಾಲ್ಕು ಕುರ್ಚಿಗಳಿಗೆ ಲೆಕ್ಕ ಹಾಕಿದರೆ 1/6 + 1/6, ಅಂದರೆ ಕೊನೆಯ ಮಗುವಿಗೆ 1/3 ಮಾತ್ರ. ಮೂವತ್ತಕ್ಕೆ ಎಷ್ಟು ಎಂಬುದನ್ನು ಅವರು ಮರುದಿನ ತರಗತಿಗೆ ಹೋಗುವ ಮೊದಲು ನನಗೆ ತೋರಿಸಿದರು: 28/58. ಇದು ಅರ್ಧಕ್ಕೆ ಬಹಳ ಹತ್ತಿರ, ಆದರೆ ಅರ್ಧವಲ್ಲ.