ಊರ ಹೆಸರಿಗೆ ಸ್ಪೆಲ್ಲಿಂಗ್ ಕೊಟ್ಟವರು ಯಾರು?

ನಮ್ಮ ಕರಾವಳಿಯ ದೊಡ್ಡ ಊರಿಗೆ ಎಷ್ಟು ಹೆಸರುಗಳಿವೆ ಎಂಬುದನ್ನು ನಮ್ಮ ತರಗತಿಯಲ್ಲಿ ಕುಳಿತೇ ಎಣಿಸಬಹುದು. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಬ್ಯಾರಿಯಲ್ಲಿ ಮೈಕಾಲ, ಕೊಂಕಣಿಯಲ್ಲಿ ಕೊಡಿಯಾಲ. ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಅವರ ಬರಹದಲ್ಲಿ ಇದು 'ಮಂಜರೂರ್'. ಅರಬ್ಬಿ ಲಿಪಿಯಲ್ಲಿ 'ಗ'ಕಾರಕ್ಕೆ ಅಕ್ಷರವಿಲ್ಲ, ಆದ್ದರಿಂದ ಅದರ ಜಾಗಕ್ಕೆ 'ಜೀಮ್' ಬಂದಿದೆ. ಅರಬ್ಬಿ ಓದುವ ಗೆಳೆಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಂದು ಹೆಸರು ತನ್ನ ಲಿಪಿ ಬಿಟ್ಟು ಇನ್ನೊಂದು ಲಿಪಿಗೆ ಹೋದಾಗ ಏನಾದರೊಂದನ್ನು ಕಳೆದುಕೊಳ್ಳುತ್ತದೆ. ಪ್ರವಾಸಿಯ ಪುಸ್ತಕದಲ್ಲಿ ಹೀಗಾದರೆ ಯಾರಿಗೂ ನಷ್ಟವಿಲ್ಲ. ಆದರೆ ಅದೇ ಹೆಸರನ್ನು ಕಂದಾಯದ ಲೆಕ್ಕದಲ್ಲಿ, ಕೋರ್ಟಿನ ಕಾಗದದಲ್ಲಿ, ಅಂಚೆಯ ವಿಳಾಸದಲ್ಲಿ, ನಕ್ಷೆಯಲ್ಲಿ ಬರೆಯಬೇಕಾದ ಸರ್ಕಾರ ಏನು ಮಾಡಬೇಕು? ಹತ್ತೊಂಬತ್ತನೇ ಶತಮಾನದಲ್ಲಿ ಭಾರತವನ್ನು ಆಳುತ್ತಿದ್ದ ಬ್ರಿಟಿಷರಿಗೆ ಈ ಪ್ರಶ್ನೆ ಎದುರಾಯಿತು. ಅವರು ಕಂಡುಕೊಂಡ ಉತ್ತರ ಇಂದಿಗೂ ನಮ್ಮ ರೈಲು ನಿಲ್ದಾಣಗಳ ಫಲಕದ ಮೇಲಿದೆ. ಇತಿಹಾಸ ನನ್ನ ಇಷ್ಟದ ವಿಷಯ. ಆದರೂ ಪಠ್ಯಪುಸ್ತಕದಲ್ಲಿ ಈ ಕಥೆಯನ್ನು ನಾನು ಓದಿರಲಿಲ್ಲ. ಹಾಗಾಗಿ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಸಮಸ್ಯೆ ಏನೆಂದು ನೋಡೋಣ. ಇಂಗ್ಲಿಷಿನಲ್ಲಿ ಸ್ವರಗಳು ಒಂದೇ ಕಡೆ ನಿಲ್ಲುವುದಿಲ್ಲ. 'ಪುಟ್' ಎನ್ನುವಾಗ 'ಯು' ಅಕ್ಷರ 'ಉ' ಆಗುತ್ತದೆ, 'ಬಟ್' ಎನ್ನುವಾಗ 'ಅ' ಆಗುತ್ತದೆ. ಹೀಗಿರುವಾಗ ಇಂಗ್ಲಿಷ್ ಅಧಿಕಾರಿ ತನ್ನ ಕಿವಿಗೆ ಬಿದ್ದಂತೆ ಊರ ಹೆಸರು ಬರೆದುಕೊಂಡರೆ ಏನಾಗುತ್ತದೆ? ಒಬ್ಬ 'ಪುರ' ಎಂಬುದಕ್ಕೆ 'ಡಬಲ್ ಓ' ಹಾಕುತ್ತಾನೆ, ಇನ್ನೊಬ್ಬ 'ಪೋರ್' ಎನ್ನುವ ಹಾಗೆ ಬರೆಯುತ್ತಾನೆ, ಮತ್ತೊಬ್ಬ ಬರೇ 'ಯು' ಸಾಕು ಎನ್ನುತ್ತಾನೆ. ಉತ್ತರ ಭಾರತದ ಕಾನ್ಪುರ ಹಳೆಯ ಕಾಗದಗಳಲ್ಲಿ ಹೀಗೆ ಹತ್ತಾರು ವೇಷಗಳಲ್ಲಿ ಕಾಣಿಸಿಕೊಂಡಿತು. ನಮ್ಮ ಕುಂದಾಪುರವನ್ನೂ ಎರಡೆರಡು ಕಡೆ 'ಡಬಲ್ ಓ' ಹಾಕಿ ಬರೆದದ್ದುಂಟು.

ಇದಕ್ಕೆ ವಿದ್ವಾಂಸರು ಎರಡು ದಾರಿ ಸೂಚಿಸಿದ್ದರು. ಮೊದಲನೆಯದು ಸರ್ ವಿಲಿಯಂ ಜೋನ್ಸ್ ಅವರದು. 1784ರಲ್ಲಿ ಕಲ್ಕತ್ತಾದಲ್ಲಿ ಏಷ್ಯಾಟಿಕ್ ಸೊಸೈಟಿ ಸ್ಥಾಪಿಸಿದ ಅವರು, 1788ರಲ್ಲಿ ಪ್ರಕಟವಾದ ಅದರ ಸಂಪುಟದಲ್ಲಿ ಏಷ್ಯಾದ ಪದಗಳನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಬಗ್ಗೆಯೇ ಒಂದು ಪ್ರಬಂಧ ಬರೆದರು. ಮೂಲ ಲಿಪಿಯ ಒಂದೊಂದು ಅಕ್ಷರಕ್ಕೂ ರೋಮನ್ನಿನಲ್ಲಿ ನಿಶ್ಚಿತ ಗುರುತು ಇರಬೇಕು ಎಂಬುದು ಅವರ ವಾದ. ಎರಡನೆಯದು ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಹಿಂದೂಸ್ತಾನಿ ಕಲಿಸುತ್ತಿದ್ದ ಜಾನ್ ಗಿಲ್‌ಕ್ರಿಸ್ಟ್ ಅವರದು. ಅವರು ಇಂಗ್ಲಿಷ್ ಕಿವಿಯನ್ನು ಅನುಸರಿಸಿದರು: 'ಊ' ಧ್ವನಿಗೆ 'ಡಬಲ್ ಓ', 'ಈ' ಧ್ವನಿಗೆ 'ಡಬಲ್ ಇ', 'ಅ' ಧ್ವನಿಗೆ 'ಯು'. ಇದು ಇಂಗ್ಲೆಂಡಿನಿಂದ ಹೊಸದಾಗಿ ಬಂದವನಿಗೆ ಸುಲಭ, ಆದರೆ ಮೂಲ ಅಕ್ಷರಕ್ಕೆ ಮರಳಿ ಹೋಗಲು ಕಷ್ಟ.

ಈ ಎರಡು ದಾರಿಗಳ ಜಗಳ ಇಂದಿಗೂ ಎರಡು ಫಲಕಗಳಲ್ಲಿ ಉಳಿದಿದೆ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ 'ಪಿ' ಆದ ಮೇಲೆ 'ಯು' ಬರೆಯುತ್ತದೆ, ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ 'ಎ' ಬರೆಯುತ್ತದೆ. ಎರಡರ ಉಚ್ಚಾರವೂ ಒಂದೇ.

1869ರಲ್ಲಿ ವೈಸರಾಯ್ ಲಾರ್ಡ್ ಮೇಯೊ ಇಡೀ ದೇಶದ ಅಂಕಿಅಂಶ ಸಂಗ್ರಹಕ್ಕೆ ಒಂದು ಯೋಜನೆ ತಯಾರಿಸಲು ಬಂಗಾಳದಲ್ಲಿದ್ದ ಅಧಿಕಾರಿ ವಿಲಿಯಂ ವಿಲ್ಸನ್ ಹಂಟರ್ ಅವರಿಗೆ ಹೇಳಿದರು. ಜಿಲ್ಲೆ ಜಿಲ್ಲೆಗಳ ವಿವರವನ್ನು ಅಕಾರಾದಿಯಾಗಿ ಜೋಡಿಸಬೇಕಾದರೆ ಮೊದಲು ಹೆಸರುಗಳ ಸ್ಪೆಲ್ಲಿಂಗ್ ಒಂದಾಗಬೇಕು. ಇಲ್ಲದಿದ್ದರೆ ಒಂದೇ ಊರು 'ಸಿ' ಅಕ್ಷರದಲ್ಲೂ ಬರುತ್ತದೆ, 'ಕೆ' ಅಕ್ಷರದಲ್ಲೂ ಬರುತ್ತದೆ. ಹಂಟರ್ 1871ರಲ್ಲಿ ಭಾರತದ ಹೆಸರುಗಳ ಕಾಗುಣಿತಕ್ಕೆ ಒಂದು ಕೈಪಿಡಿ ತಂದರು. ಅದರ ನಿಯಮ ಬಹಳ ಸರಳ: ವ್ಯಂಜನಗಳನ್ನು ಇಂಗ್ಲಿಷಿನಂತೆ, ಸ್ವರಗಳನ್ನು ಇಟಾಲಿಯನ್ ಭಾಷೆಯಂತೆ ಬರೆಯಿರಿ. ಅಂದರೆ 'ಎ' ಎಂದರೆ ಅ, 'ಐ' ಎಂದರೆ ಇ, 'ಯು' ಎಂದರೆ ಉ. ತಿರುಳಿನಲ್ಲಿ ಇದು ಜೋನ್ಸ್ ಅವರ ದಾರಿ. ಅಕ್ಷರಗಳ ಕೆಳಗಿನ ಚುಕ್ಕಿಗಳನ್ನು ಮಾತ್ರ ಗುಮಾಸ್ತರಿಗೂ ಅಚ್ಚುಕೂಟಕ್ಕೂ ತೊಂದರೆಯೆಂದು ಬಿಟ್ಟುಬಿಟ್ಟರು. 1881ರಲ್ಲಿ ಒಂಬತ್ತು ಸಂಪುಟಗಳಲ್ಲಿ ಹೊರಬಂದ 'ಇಂಪೀರಿಯಲ್ ಗೆಜೆಟಿಯರ್ ಆಫ್ ಇಂಡಿಯಾ' ಈ ಪದ್ಧತಿಯಲ್ಲಿ ರಚಿತವಾಯಿತು.

ಆದರೆ ನಿಯಮ ಮಾಡಿದವರೇ ಕೆಲವು ಊರುಗಳನ್ನು ನಿಯಮದ ಹೊರಗಿಟ್ಟರು. ಕಲ್ಕತ್ತಾ, ಬಾಂಬೆ, ಲಕ್ನೋ, ಕಾನ್ಪುರಗಳಂಥ ಹೆಸರುಗಳು ಹಳೆಯ ರೂಪದಲ್ಲೇ ಉಳಿದವು. ಇಂಗ್ಲಿಷ್ ಓದುಗರಿಗೆ ಅವು ಆಗಲೇ ಪರಿಚಿತವಾಗಿದ್ದವು. 1857ರ ದಂಗೆಯ ಸುದ್ದಿಗಳ ಮೂಲಕ ಲಕ್ನೋ, ಕಾನ್ಪುರಗಳ ಹೆಸರು ಇಂಗ್ಲೆಂಡಿನ ಮನೆಮನೆ ತಲುಪಿತ್ತು. ಮೈಸೂರಿನ ಹೆಸರೂ ನಿಯಮದ ಪ್ರಕಾರ 'ಎಂ-ಎ-ಐ-ಎಸ್-ಯು-ಆರ್' ಆಗಬೇಕಿತ್ತು. ಚಾಲ್ತಿಯಲ್ಲಿ ಉಳಿದದ್ದು 'ವೈ' ಮತ್ತು 'ಓ' ಇರುವ ಮೈಸೋರ್. ಅಂದರೆ ಯಾವ ಊರನ್ನು ಆಳುವವರು ಹೆಚ್ಚು ಬಳಸುತ್ತಿದ್ದರೋ ಆ ಊರು ಅವರ ನಾಲಿಗೆಯಂತೆ ಉಳಿಯಿತು. ಅವರಿಗೆ ಪರಿಚಯವಿಲ್ಲದ ಸಣ್ಣ ಊರು ತನ್ನ ಸ್ವಂತ ಉಚ್ಚಾರಕ್ಕೆ ಹತ್ತಿರವಾಯಿತು. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಅಚ್ಚರಿಯೆನಿಸಿದ ಸಂಗತಿ ಇದೇ.

ಚುಕ್ಕಿಗಳನ್ನು ಬಿಟ್ಟದ್ದರಿಂದ ಇನ್ನೊಂದು ನಷ್ಟವೂ ಆಯಿತು. ಉರ್ದು ಬಲ್ಲವರು ಗಮನಿಸಿ: 'ಗಾಜಿಪುರ'ದ ಆರಂಭದಲ್ಲಿರುವುದು 'ಗೈನ್' ಅಕ್ಷರ, 'ಘಾಟ್' ಪದದಲ್ಲಿರುವುದು ಮಹಾಪ್ರಾಣ 'ಘ'. ಎರಡೂ ಬೇರೆ ಧ್ವನಿಗಳು, ಆದರೆ ರೋಮನ್ನಿನಲ್ಲಿ ಎರಡಕ್ಕೂ 'ಜಿ-ಎಚ್'. ಕನ್ನಡಕ್ಕೂ ಇದೇ ಗತಿ. ಬಳ್ಳಾರಿಯಲ್ಲಿ ಇರುವುದು 'ಳ್ಳ'ವೋ 'ಲ್ಲ'ವೋ ಎಂದು ಇಂಗ್ಲಿಷ್ ಫಲಕ ಮಾತ್ರ ಓದಿದವರಿಗೆ ತಿಳಿಯುವುದಿಲ್ಲ. ಪುತ್ತೂರನ್ನು ಹೊರಗಿನವರು 'ಪುಟ್ಟೂರು' ಎಂದು ಓದಿದರೆ ಅವರನ್ನು ದೂರುವಂತಿಲ್ಲ.

ಮುಂದೆ ಈ ಆಲೋಚನೆ ಭಾರತದ ಆಚೆಗೂ ಹರಡಿತು. 1885ರಲ್ಲಿ ಲಂಡನ್ನಿನ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿ ಪರದೇಶದ ಊರುಗಳಿಗೆ ಇಂಥದ್ದೇ ನಿಯಮ ಒಪ್ಪಿಕೊಂಡಿತು. 1890ರಲ್ಲಿ ಅಮೆರಿಕ ಊರ ಹೆಸರುಗಳಿಗಾಗಿಯೇ ಒಂದು ಮಂಡಳಿ ರಚಿಸಿತು. ಬ್ರಿಟನ್ 1919ರಲ್ಲಿ ಒಂದು ಕಾಯಂ ಸಮಿತಿ ಮಾಡಿತು. 1967ರಲ್ಲಿ ವಿಶ್ವಸಂಸ್ಥೆ ಜಿನೀವಾದಲ್ಲಿ ಇದೇ ವಿಷಯದ ಮೇಲೆ ಮೊದಲ ಸಮ್ಮೇಳನ ನಡೆಸಿತು.

ಸ್ವಾತಂತ್ರ್ಯದ ನಂತರ, ಹಂಟರ್ ಹೊರಗಿಟ್ಟ ಊರುಗಳು ಒಂದೊಂದಾಗಿ ಒಳಗೆ ಬಂದವು. ಕಾನ್ಪುರ 1948ರಲ್ಲಿ ಸ್ಪೆಲ್ಲಿಂಗ್ ಬದಲಿಸಿಕೊಂಡಿತು. ಕಲ್ಕತ್ತಾ 2001ರಲ್ಲಿ ಕೋಲ್ಕತ್ತಾ ಆಯಿತು. ನಮ್ಮ ರಾಜ್ಯದಲ್ಲಿ 2014ರ ನವೆಂಬರ್ 1ರಂದು 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. 'ಮ್ಯಾಂಗಲೋರ್' ಹೋಗಿ ಮಂಗಳೂರು ಬಂತು. ಅದರ ಹೊಸ ಸ್ಪೆಲ್ಲಿಂಗ್ ಹಂಟರ್ ಅವರ ಹಳೆಯ ನಿಯಮಕ್ಕೆ ಸರಿಯಾಗಿ ಹೊಂದುತ್ತದೆ. ಮೈಸೂರು ಮಾತ್ರ 'ಓ' ಬಿಟ್ಟು 'ವೈ' ಉಳಿಸಿಕೊಂಡಿದೆ. ಹನ್ನೆರಡೂ ಒಂದೇ ಬಗೆಯವಲ್ಲ: ಬಿಜಾಪುರ ವಿಜಯಪುರ ಆದದ್ದನ್ನು ಬರೇ ಸ್ಪೆಲ್ಲಿಂಗ್ ತಿದ್ದುಪಡಿ ಎನ್ನಲಾಗದು, ಅಲ್ಲಿ ಉಚ್ಚಾರವೂ ಬೇರೆಯಾಯಿತು.

ಆದರೂ ಫಲಕದ ಮೇಲೆ ಕುಡ್ಲ ಬರಲಿಲ್ಲ, ಮೈಕಾಲ ಬರಲಿಲ್ಲ. ಒಂದು ರೂಪವನ್ನು ಅಧಿಕೃತ ಮಾಡುವುದೆಂದರೆ ಉಳಿದವನ್ನು ಕಡತದ ಹೊರಗಿಡುವುದು. ನಾನು ಇದರ ವಿರೋಧಿಯಲ್ಲ. ಅಂಚೆಯವನಿಗೆ, ಆಂಬ್ಯುಲೆನ್ಸ್ ಚಾಲಕನಿಗೆ ಒಂದು ಊರಿಗೆ ಒಂದೇ ಬರಹ ಬೇಕೇ ಬೇಕು. ಆದರೆ ಆ ಒಂದನ್ನು ಯಾರು, ಯಾರ ಅನುಕೂಲಕ್ಕೆ ಆರಿಸಿದರು ಎಂದು ಕೇಳುವುದನ್ನು ನಾವು ಬಿಡಬಾರದು.

ಇದು ಬರೇ ಊರುಗಳ ಮಾತೂ ಅಲ್ಲ. 'ಮುಹಮ್ಮದ್' ಎಂಬ ಹೆಸರನ್ನು ಅರಬ್ಬಿಯಲ್ಲಿ ಬರೆಯುವ ಬಗೆ ಒಂದೇ. ಇಂಗ್ಲಿಷಿನಲ್ಲಿ 'ಯು' ಹಾಕುವವರಿದ್ದಾರೆ, 'ಓ' ಹಾಕುವವರಿದ್ದಾರೆ, ಒಂದು 'ಎಂ', ಎರಡು 'ಎಂ', ಕೊನೆಗೆ 'ಎ' ಅಥವಾ 'ಇ'. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ನಿಲ್ಲುತ್ತದೆ. ಅಫಿಡವಿಟ್‌ಗಾಗಿ ನಮ್ಮ ಉಪ್ಪ ಒಂದು ದಿನದ ಕೆಲಸ ಬಿಟ್ಟು ನೋಟರಿಯ ಬಳಿ ಹೋಗಬೇಕಾಗುತ್ತದೆ. ಊರ ಹೆಸರನ್ನು ನಾವು ಆರಿಸಲಿಲ್ಲ, ನಮ್ಮ ಹೆಸರನ್ನಾದರೂ ನಾವೇ ಆರಿಸಬಹುದು. ದ್ವಿತೀಯ ಪಿಯುಸಿ ಪರೀಕ್ಷೆಯ ಅರ್ಜಿ ತುಂಬುವ ಮೊದಲು ಮನೆಯಲ್ಲಿರುವ ಎಲ್ಲ ದಾಖಲೆಗಳನ್ನೂ ಮುಂದಿಟ್ಟುಕೊಂಡು, ಒಂದು ಸ್ಪೆಲ್ಲಿಂಗ್ ನಿಶ್ಚಯಿಸಿ, ವ್ಯತ್ಯಾಸವಿದ್ದರೆ ಈಗಲೇ ತಿದ್ದಿಸಿಕೊಳ್ಳಿ.